ನಿನ್ನೆ ಹೇಳಿದ್ದನ್ನು ಇವತ್ತು ಬದಲಿಸಿದರೆ ಜನ ನಂಬುತ್ತಾರಾ?

ಪ್ರಶ್ನೆ:

ನನಗೆ 44 ವರ್ಷ. ಬೆಂಗಳೂರಿನ ಮೈಸೂರು ರಸ್ತೆ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಟೈಲರ್ ಆಗಿ ಸೇರಿ 21 ವರ್ಷದಲ್ಲಿ ಇಲ್ಲಿಗೆ ಬಂದವನು. ಆರು ಲೈನ್ (ಹೊಲಿಗೆ ಮಿಷನ್ ಸಾಲುಗಳು), ಸುಮಾರು 380 ಜನ, ಹೆಚ್ಚಿನವರು ಹೆಣ್ಣುಮಕ್ಕಳು. ನಮ್ಮ ಮಾಲು ಜಾಸ್ತಿ ಅಮೆರಿಕಕ್ಕೇ ಹೋಗುವುದು. 2025ರ ಆಗಸ್ಟ್‌ನಲ್ಲಿ ಅಲ್ಲಿ ಸುಂಕ ಏರಿದ ಮೇಲೆ ಯಾವುದೂ ನೆಟ್ಟಗಿಲ್ಲ. ಬೈಯರ್ ಒಂದು ವಾರ ‘ನಿಲ್ಲಿಸಿ’ ಅನ್ನುತ್ತಾರೆ, ಮುಂದಿನ ವಾರ ‘ಅರ್ಧ ಕಳಿಸಿ’ ಅನ್ನುತ್ತಾರೆ. ಮಾಲೀಕರು ಬೆಳಗ್ಗೆ ಒಂದು ಹೇಳಿ ಸಂಜೆ ಇನ್ನೊಂದು ಹೇಳುತ್ತಾರೆ. ಮೊದಲು 20 ದಿನ ಒಂದೇ ಸ್ಟೈಲ್, ಅಂದರೆ ಒಂದೇ ಮಾದರಿಯ ಬಟ್ಟೆ, ಓಡುತ್ತಿತ್ತು. ಈಗ ಐದು ದಿನಕ್ಕೊಂದು ಸ್ಟೈಲ್.

ನಾನು ಮೊದಲು ಹೀಗಿರಲಿಲ್ಲ. ಈಗ ಸಣ್ಣದಕ್ಕೂ ಕಿರುಚುತ್ತೇನೆ. ಎಷ್ಟು ಪೀಸ್ ಆಯಿತು ಅಂತ ಗಂಟೆಗೊಮ್ಮೆ ಬರೆಯುವ ಪ್ರೊಡಕ್ಷನ್ ಬೋರ್ಡನ್ನು ಅರ್ಧ ಗಂಟೆಗೊಮ್ಮೆ ಬರೆಸುತ್ತಿದ್ದೇನೆ. ಹೋದ ತಿಂಗಳು ಒಬ್ಬ ಸೂಪರ್‌ವೈಸರ್ ಹೆಣ್ಣುಮಗಳು ಬಂದು, ‘ಸಾರ್, ಕಾಲರ್ ಶೇಡ್ ಯಾಕೋ ಬೇರೆ ಥರ ಕಾಣ್ತಿದೆ’ ಅಂದರು. ‘ಮೊದಲು ಟಾರ್ಗೆಟ್ ನೋಡಮ್ಮ’ ಅಂತ ಲೈನಿನ ಮುಂದೆಯೇ ಬೈದು ಕಳಿಸಿದೆ. ಅವರು ಹೇಳಿದ್ದೇ ಸರಿ ಇತ್ತು. 640 ಪೀಸ್ ರಿಜೆಕ್ಟ್ ಆಯಿತು. ಅವತ್ತಿನಿಂದ ಯಾರೂ ನನ್ನ ಹತ್ತಿರ ಏನೂ ಹೇಳುತ್ತಿಲ್ಲ.

ರಾತ್ರಿ 2 ಗಂಟೆಗೆ ಎಚ್ಚರ ಆಗುತ್ತದೆ. ಬದಲಾಗಬೇಕು ಅಂತ ಗೊತ್ತು. ಆದರೆ ದಿನಾ ಮಾತು ಬದಲಿಸಿದರೆ ಜನ ಹಗುರ ಮಾಡುವುದಿಲ್ಲವೇ? ಮೇಲಿನವರು ‘ಲೀಡರ್ ಅಂದ್ರೆ ಗಟ್ಟಿ ಇರಬೇಕು’ ಅನ್ನುತ್ತಾರೆ. ನನ್ನ ಸ್ವಭಾವವೇ ಕೆಟ್ಟಿದೆಯಾ? ಈ ಕೆಲಸಕ್ಕೆ ನಾನು ತಕ್ಕವನಲ್ಲವಾ? ಬಿಟ್ಟುಬಿಡಲಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಆ ಕಾಲರ್ ಹತ್ತಿರ ಬಂದು ನಿಂತೆ. ಸುಂಕ, ಬೈಯರ್, ಮಾಲೀಕರು, ಇವೆಲ್ಲ ನಿಮ್ಮ ಕೈಯಲ್ಲಿಲ್ಲ. ಆ ಹೆಣ್ಣುಮಗಳು ಬಂದು ನಿಂತ ಅರ್ಧ ನಿಮಿಷ ನಿಮ್ಮ ಕೈಯಲ್ಲಿತ್ತು. ಅದನ್ನು ಮುಚ್ಚಿಡದೆ ನೀವೇ ಬರೆದಿದ್ದೀರಿ. ಹಾಗೆ ಬರೆಯಬಲ್ಲ ಮನುಷ್ಯ ಕೆಲಸಕ್ಕೆ ತಕ್ಕವನಲ್ಲ ಅಂತ ನನಗೆ ಅನ್ನಿಸುವುದಿಲ್ಲ.

ನಾನು ಒಂಬತ್ತು ವರ್ಷ ಗಾರ್ಮೆಂಟ್ಸ್‌ನ ಪರ್ಸನಲ್ ವಿಭಾಗದಲ್ಲಿದ್ದೆ. ಆಮೇಲೆ ಈ 15 ವರ್ಷ ಫ್ಯಾಕ್ಟರಿ, ಆಸ್ಪತ್ರೆಗಳ ಮೇಲ್ವಿಚಾರಕರ ಜೊತೆ ಕೂತು ಇಂಥದ್ದೇ ಮಾತಾಡುತ್ತಾ ಬಂದಿದ್ದೇನೆ. ನಿಮ್ಮ ಚಿಂತೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಬದಲಾಗದಿದ್ದರೆ ಫ್ಯಾಕ್ಟರಿ ಮುಳುಗುತ್ತದೆ ಅನ್ನೋ ಭಯ ಒಂದು ಕಡೆ. ಬದಲಾದರೆ ಮರ್ಯಾದೆ ಹೋಗುತ್ತದೆ ಅನ್ನೋ ಭಯ ಇನ್ನೊಂದು ಕಡೆ. ಎರಡರ ನಡುವೆ ಸಿಕ್ಕಿಕೊಂಡು ನೀವು ಬೋರ್ಡ್ ನೋಡುತ್ತಾ ನಿಂತಿದ್ದೀರಿ.

ಮೊದಲು ಆ ಮರ್ಯಾದೆಯ ವಿಷಯ. ‘ಮಾತು ಬದಲಿಸುವವನು ಗಟ್ಟಿಗನಲ್ಲ’ ಅನ್ನೋದು ನಮ್ಮಲ್ಲಿ ಆಳಕ್ಕೆ ಇಳಿದಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಕೇಳಿಕೊಂಡೇ ಬೆಳೆದವರು ನಾವು. ಅದು ತಪ್ಪಲ್ಲ. ಆದರೆ ಮಾತು ಬೇರೆ, ಲೆಕ್ಕ ಬೇರೆ. ‘ಸಂಬಳ ಹೇಳಿದ ತಾರೀಕಿಗೆ ಬರುತ್ತೆ’ ಅನ್ನೋದು ಮಾತು. ‘ತಪ್ಪು ಬಂದು ಹೇಳಿದವರನ್ನು ಬೈಯಲ್ಲ’ ಅನ್ನೋದೂ ಮಾತೇ. ‘3ನೇ ಲೈನಿಗೆ ಈ ವಾರ ಆ ಶರ್ಟ್ ಹಾಕ್ತೀನಿ’ ಅನ್ನೋದು ಲೆಕ್ಕ. ಮಾತಿಗೆ ತಪ್ಪಿದರೆ ಜನ ಮರೆಯುವುದಿಲ್ಲ. ಲೆಕ್ಕ ಬದಲಾದರೆ, ಯಾಕೆ ಅಂತ ಹೇಳಿದರೆ, ಸಹಿಸಿಕೊಳ್ಳುತ್ತಾರೆ. ಅವರೂ ಮನೆಯಲ್ಲಿ ವಾರಕ್ಕೆ ನಾಲ್ಕು ಸಲ ಲೆಕ್ಕ ಬದಲಿಸಿ ಸಂಸಾರ ನಡೆಸುವವರೇ ಅಲ್ವಾ? ನಾನು ನೋಡಿರುವ ಮಟ್ಟಿಗೆ, ಒತ್ತಡದಲ್ಲಿ ನಾಯಕರು ಇದನ್ನು ತಿರುವುಮುರುವು ಮಾಡುತ್ತಾರೆ. ಲೆಕ್ಕವನ್ನು ಹಟದಿಂದ ಹಿಡಿದುಕೊಳ್ಳುತ್ತಾರೆ, ಮಾತನ್ನು ಸಲೀಸಾಗಿ ಬಿಡುತ್ತಾರೆ. ಅವತ್ತು ನಿಮ್ಮಲ್ಲಿ ಆಗಿದ್ದೂ ಅದೇ. ಟಾರ್ಗೆಟ್ ಲೆಕ್ಕವಾಗಿತ್ತು. ಒಳ್ಳೆ ಮಾಲು ಕಳಿಸುತ್ತೇವೆ ಅನ್ನೋದು ಮಾತಾಗಿತ್ತು.

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಚಂದ್ರಯಾನ-2. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಲಾಗದೆ ಹೋಯಿತು. ಕಾರಣವನ್ನು ಆಮೇಲೆ ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರ ಜುಲೈನಲ್ಲಿ ಬಿಡಿಸಿ ಹೇಳಿದರು. ಎಂಜಿನ್‌ಗಳು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ತಳ್ಳಿದವು. ಸಣ್ಣ ಸಣ್ಣ ತಪ್ಪುಗಳು ಒಟ್ಟುಗೂಡಿದವು. ಅದನ್ನು ಸರಿಮಾಡಲು ನೌಕೆ ಬೇಗ ತಿರುಗಬೇಕಿತ್ತು. ಅಷ್ಟು ಬೇಗ ತಿರುಗಲು ಅದರ ಸಾಫ್ಟ್‌ವೇರ್ ಬಿಡಲಿಲ್ಲ. ಇನ್ನೊಂದು ಕಾರಣ, ಇಳಿಯಲು ಗುರುತು ಮಾಡಿದ್ದ ಜಾಗ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ನೆಲ ಹತ್ತಿರ ಬರುತ್ತಿದ್ದರೂ ಆ ಜಾಗವನ್ನೇ ಮುಟ್ಟಬೇಕು ಅಂತ ನೌಕೆ ವೇಗ ಏರಿಸುತ್ತಾ ಹೋಯಿತು.

ನೆಲ ಹತ್ತಿರ ಬಂದಾಗ ವೇಗ ಇಳಿಸಬೇಕು. ಅದು ಏರಿಸಿತು, ಯಾಕೆಂದರೆ ಮೊದಲೇ ಹೇಳಿಕೊಟ್ಟ ಚೌಕ ಬಿಟ್ಟು ಬೇರೆ ಕಡೆ ಇಳಿಯಬಹುದು ಅಂತ ಅದಕ್ಕೆ ಗೊತ್ತಿರಲಿಲ್ಲ. ಚಂದ್ರಯಾನ-3ರಲ್ಲಿ ಇಳಿಯುವ ಜಾಗವನ್ನು ಸುಮಾರು 4 ಕಿಲೋಮೀಟರ್ ಉದ್ದ, 2.5 ಕಿಲೋಮೀಟರ್ ಅಗಲ ಮಾಡಿದರು. ಇಂಧನ ಹೆಚ್ಚಿಸಿದರು, ಕಾಲುಗಳನ್ನು ಗಟ್ಟಿ ಮಾಡಿದರು. ಎಲ್ಲೆಲ್ಲಿ ತಪ್ಪಬಹುದು ಅಂತ ಮೊದಲೇ ಕೂತು ಯೋಚಿಸಿ ಕಟ್ಟಿದರು. 2023ರ ಆಗಸ್ಟ್ 23ರ ಸಂಜೆ ಅದು ಇಳಿದಿದ್ದನ್ನು ನಾವೆಲ್ಲ ನೋಡಿದೆವು. ಮಾತು ಎರಡು ಸಲವೂ ಒಂದೇ ಆಗಿತ್ತು: ಹಗುರವಾಗಿ ನೆಲಕ್ಕೆ ಇಳಿಯುವುದು. ಲೆಕ್ಕಕ್ಕೆ ಮಾತ್ರ ಎರಡನೇ ಸಲ ಜಾಗ ಕೊಟ್ಟರು. ನಿಮ್ಮ ಅರ್ಧ ಗಂಟೆಯ ಬೋರ್ಡ್ ಇದೆಯಲ್ಲ, ಅದನ್ನು ಓದಿದಾಗ ನನಗೆ ಆ 500 ಮೀಟರ್ ಚೌಕವೇ ಕಂಡಿತು.

ಈಗ ‘ನನ್ನ ಸ್ವಭಾವವೇ ಕೆಟ್ಟಿದೆಯಾ’ ಅನ್ನೋ ಪ್ರಶ್ನೆ. ಇಲ್ಲ. ನಿಮಗೆ ಆಗುತ್ತಿರುವುದು ಬಹಳ ಜನಕ್ಕೆ ಆಗುವಂಥದ್ದು. 1981ರಲ್ಲೇ ಅಮೆರಿಕದ ಮೂವರು ಸಂಶೋಧಕರು ಇದನ್ನು ವಿವರವಾಗಿ ಬರೆದಿದ್ದಾರೆ. ಒಬ್ಬ ಮನುಷ್ಯನಿಗಾಗಲಿ, ಒಂದು ಸಂಸ್ಥೆಗಾಗಲಿ ಅಪಾಯ ಎದುರಾದಾಗ ಮೂರು ಕಡೆ ಬಿಗಿ ಹಿಡಿಯುತ್ತದೆ ಅನ್ನುತ್ತಾರೆ ಅವರು. ಕೇಳಿಸಿಕೊಳ್ಳುವುದು ಕಡಿಮೆಯಾಗುತ್ತದೆ. ಅಧಿಕಾರ ಮೇಲಿನ ಒಂದಿಬ್ಬರ ಕೈಗೆ ಸೇರುತ್ತದೆ. ಹಳೆಯ ಅಭ್ಯಾಸ ಮೇಲೆದ್ದು ಬರುತ್ತದೆ. ನಿಮ್ಮ ಪತ್ರ ಪಕ್ಕದಲ್ಲಿಟ್ಟು ನೋಡಿ. ಶೇಡ್ ವಿಷಯ ಕಿವಿಗೆ ಹಾಕಿಕೊಳ್ಳಲಿಲ್ಲ. ಬೋರ್ಡನ್ನು ನಿಮ್ಮ ಕೈಗೆ ತೆಗೆದುಕೊಂಡಿರಿ. 20 ದಿನದ ಸ್ಟೈಲ್ ಕಾಲದ ರೀತಿಯಲ್ಲೇ ಟಾರ್ಗೆಟ್ ಕೇಳಿದಿರಿ.

ಇದಕ್ಕೆ ದೇಹದ ಕಾರಣವೂ ಇದೆ. ಹಣೆಯ ಹಿಂದಿರುವ ಮಿದುಳಿನ ಭಾಗ ಎರಡು ವಿಷಯಗಳನ್ನು ಒಟ್ಟಿಗೆ ಹಿಡಿದು ತೂಗುತ್ತದೆ, ‘ಸ್ವಲ್ಪ ತಾಳು’ ಅಂತ ತಡೆಯುತ್ತದೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಅವರ ಕೆಲಸ ತೋರಿಸುವುದು ಏನೆಂದರೆ, ಕೈಮೀರಿದ ಒತ್ತಡದಲ್ಲಿ ಮಿದುಳಿನೊಳಗೆ ಕೆಲವು ರಾಸಾಯನಿಕಗಳು ಏರಿ ಈ ಭಾಗ ಮಂಕಾಗುತ್ತದೆ. ಭಯ ಮತ್ತು ರೂಢಿಯನ್ನು ನಡೆಸುವ ಭಾಗಗಳು ಮುಂದೆ ಬರುತ್ತವೆ. ‘ನನ್ನ ಹಿಡಿತ ಮೀರಿದೆ’ ಅನ್ನಿಸಿದಾಗಲೇ ಇದು ಜಾಸ್ತಿ. ಅಮೆರಿಕದ ಹೆಚ್ಚುವರಿ ಸುಂಕ 2025ರ ಆಗಸ್ಟ್ 7ಕ್ಕೆ ಶೇ. 25 ಆಯಿತು, ಆಗಸ್ಟ್ 27ಕ್ಕೆ ಶೇ. 50 ಆಯಿತು. ನಡುವೆ ಇದ್ದಿದ್ದು 20 ದಿನ. ನಿಮ್ಮಲ್ಲಿ ಒಂದು ಸ್ಟೈಲ್ ಓಡಿ ಮುಗಿಯುತ್ತಿದ್ದುದೂ ಅಷ್ಟೇ ದಿನದಲ್ಲಿ. ಹಿಡಿತ ಮೀರಿದೆ ಅನ್ನಿಸದೆ ಇರುತ್ತಾ?

ನಿದ್ದೆಯನ್ನು ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ 1990ರ ದಶಕದಿಂದಲೇ ಪರೀಕ್ಷೆಗಳು ತೋರಿಸಿವೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಕಾನೂನು ಬಿಡುವ ಮಿತಿ ಶೇ. 0.03. ರಾತ್ರಿ 2ಕ್ಕೆ ಎದ್ದವರಿಗೆ ಸಂಜೆ 7ಕ್ಕೆ 17 ಗಂಟೆ ಆಗುತ್ತದೆ. ಸಂಜೆ 7ಕ್ಕೆ ಮಾಲೀಕರ ಫೋನ್ ಬಂದು, ನಾಳೆಯ ಲೈನ್ ಪ್ಲಾನ್ ಬದಲಿಸುವುದೂ ಅದೇ ಹೊತ್ತಿಗೆ ಅಲ್ವಾ? ದೊಡ್ಡ ತೀರ್ಮಾನಗಳನ್ನು ಬೆಳಗ್ಗೆಗೆ ತಳ್ಳಿ. ಮಾಲೀಕರಿಗೆ ‘ಸಾರ್, ಬೆಳಗ್ಗೆ 9ಕ್ಕೆ ನಿಮಗೆ ಲೆಕ್ಕ ಹೇಳ್ತೀನಿ’ ಅನ್ನಿ. ಕೆಲವೊಮ್ಮೆ ಅವರು ಒಪ್ಪುವುದಿಲ್ಲ, ಕೂಗಾಡಬಹುದು. ಆದರೂ ನನ್ನ ಅನುಭವದಲ್ಲಿ ಹತ್ತರಲ್ಲಿ ಆರು ಏಳು ಸಲ ಬೆಳಗ್ಗೆ ಹೊತ್ತಿಗೆ ಅವರ ಮನಸ್ಸೇ ಬದಲಾಗಿರುತ್ತದೆ.

ಇನ್ನೊಂದು ಕಾರಣ ನಿಮ್ಮ 21 ವರ್ಷದ ಅನುಭವ. 1942ರಲ್ಲಿ ಅಬ್ರಹಾಂ ಲೂಚಿನ್ಸ್ ಎಂಬ ಮನಶ್ಶಾಸ್ತ್ರಜ್ಞ ನೀರಿನ ಪಾತ್ರೆಗಳ ಒಂದು ಪರೀಕ್ಷೆ ಮಾಡಿದರು. ಮೂರು ಪಾತ್ರೆ: ಒಂದು 21 ಅಳತೆ ಹಿಡಿಯುತ್ತದೆ, ಒಂದು 127, ಒಂದು 3. ಬೇಕಾಗಿರುವುದು 100 ಅಳತೆ ನೀರು. ದೊಡ್ಡದನ್ನು ತುಂಬಿ, ಅದರಿಂದ 21 ಒಂದು ಸಲ, 3 ಎರಡು ಸಲ ತೆಗೆದರೆ 100 ಉಳಿಯುತ್ತದೆ. ಇದೇ ದಾರಿಯಲ್ಲಿ ಬಿಡಿಸಬಹುದಾದ ಲೆಕ್ಕಗಳನ್ನು ಒಂದರ ಹಿಂದೆ ಒಂದು ಕೊಟ್ಟರು. ಆಮೇಲೆ ಪಾತ್ರೆಗಳು 23, 49, 3, ಬೇಕಾಗಿರುವುದು 20. 23ರಿಂದ 3 ತೆಗೆದರೆ ಮುಗಿಯಿತು. ಆದರೆ ಹಿಂದಿನ ಲೆಕ್ಕ ಮಾಡಿ ಬಂದವರಲ್ಲಿ ಹೆಚ್ಚಿನವರು 49 ತುಂಬಿ, 23 ತೆಗೆದು, ಮತ್ತೆ ಎರಡು ಸಲ 3 ತೆಗೆದರು. ಹೊಸದಾಗಿ ಬಂದು ಕೂತವರಿಗೆ ಸುಲಭದ ದಾರಿ ಕೂಡಲೇ ಕಂಡಿತು.

ಅದಕ್ಕೇ ಹೊಸ ಸ್ಟೈಲ್ ಬಂದಾಗ ಲೇಔಟ್ ಅನ್ನು, ಅಂದರೆ ಯಾವ ಮಿಷನ್ ಎಲ್ಲಿ, ಯಾರು ಏನು ಹೊಲಿಯಬೇಕು ಅನ್ನೋದನ್ನು, ನೀವು ಮೊದಲು ಹೇಳಬೇಡಿ. ನೀವು ಬಾಯಿ ಬಿಟ್ಟರೆ ಉಳಿದವರು ತಲೆ ಆಡಿಸುತ್ತಾರೆ. ಕಡಿಮೆ ಅನುಭವದವರಿಂದ ಶುರು ಮಾಡಿ, ಕೊನೆಗೆ ನೀವು ಮಾತಾಡಿ.

2020ರಲ್ಲಿ ಇದನ್ನು ಕಣ್ಣಾರೆ ಕಂಡೆ. ಲಾಕ್‌ಡೌನ್ ಆಗಿ ಶರ್ಟ್ ಆರ್ಡರ್‌ಗಳೆಲ್ಲ ನಿಂತಿದ್ದವು. ಬೆಂಗಳೂರಿನ ಹಲವು ಗಾರ್ಮೆಂಟ್ಸ್‌ಗಳು ಮಾಸ್ಕ್ ಮತ್ತು ಪಿಪಿಇ ಕಿಟ್ ಹೊಲಿಯಲು ತಿರುಗಿಕೊಂಡವು. ನಾನು ಹೋಗುತ್ತಿದ್ದ ಒಂದು ಫ್ಯಾಕ್ಟರಿಯಲ್ಲಿ ಆ ಬಿಳಿ ಬಟ್ಟೆ ಬಂದು ಬಿತ್ತು. ಅದು ನೇಯ್ದ ಬಟ್ಟೆಯಲ್ಲ. ಸೂಜಿ ಚುಚ್ಚಿದ ಕಡೆ ತೂತು ಉಳಿಯುತ್ತದೆ. ಶರ್ಟಿನಲ್ಲಾದರೆ ತಪ್ಪಿದ್ದನ್ನು ಬಿಚ್ಚಿ ಆಲ್ಟರ್ ಮಾಡಬಹುದು. ಇಲ್ಲಿ ಬಿಚ್ಚಿದರೆ ತೂತಿನ ಸಾಲೇ ಉಳಿಯುತ್ತದೆ, ಆ ಪೀಸ್ ಕೆಲಸಕ್ಕೆ ಬಾರದು. ಅಲ್ಲಿನ ಪ್ರೊಡಕ್ಷನ್ ಮ್ಯಾನೇಜರ್ ನಿಮ್ಮ ಹಾಗೆಯೇ ಟೈಲರ್ ಆಗಿ ಬಂದವರು. ಎಲ್ಲರನ್ನೂ ಕಟಿಂಗ್ ಟೇಬಲ್ ಸುತ್ತ ನಿಲ್ಲಿಸಿಕೊಂಡು ಹೇಳಿದರು: ‘ಇದನ್ನ ನಾನೂ ಹೊಲಿದಿಲ್ಲ. ಮೂರು ದಿನ ಇಲ್ಲಿ ಎಲ್ಲರೂ ಹೆಲ್ಪರ್‌ಗಳೇ. ಗುರುವಾರ ಸಂಜೆ ಟಾರ್ಗೆಟ್ ಮಾತಾಡೋಣ.’

ಅವರು ಸಣ್ಣವರಾಗಿ ಹೋಗಲಿಲ್ಲ. ಎರಡನೇ ದಿನ ಫಿನಿಶಿಂಗ್‌ನ ಒಬ್ಬ ಹೆಲ್ಪರ್ ಮುಂದೆ ಬಂದು, ‘ಸಾರ್, ಇದಕ್ಕೆ ಪಿನ್ ಬೇಡ. ಮನೇಲಿ ಬಟ್ಟೆ ಒಣಗಿಸೋ ಕ್ಲಿಪ್ ಹಾಕೋಣ’ ಅಂದರು. ಆ ಸಂಜೆಯೇ ಪಕ್ಕದ ಅಂಗಡಿಯಿಂದ ಕ್ಲಿಪ್ ತರಿಸಿದರು, ನೀಲಿ, ಕೆಂಪು, ಹಳದಿ ಎಲ್ಲಾ ಬಣ್ಣದವು. ಅವತ್ತಿನಿಂದ ಪಿನ್ ತೂತಿನ ರಿಜೆಕ್ಟ್ ನಿಂತುಹೋಯಿತು. ಆ ಹೆಲ್ಪರ್ ಅಲ್ಲಿ ನಾಲ್ಕು ವರ್ಷದಿಂದ ಇದ್ದರು. ಅದಕ್ಕೆ ಮುಂಚೆ ಅವರನ್ನು ಯಾರೂ ಏನೂ ಕೇಳಿರಲಿಲ್ಲವಂತೆ.

‘ನಾಯಕನಿಗೆ ಎಲ್ಲಾ ಗೊತ್ತಿರಬೇಕು’ ಅನ್ನೋ ನಂಬಿಕೆಯೂ ಇಂಥ ಹೊತ್ತಿನಲ್ಲಿ ನಿಲ್ಲುವುದಿಲ್ಲ. ವಿಮಾನದ ಕ್ಯಾಪ್ಟನ್‌ಗಿಂತ ಗಟ್ಟಿ ಅಧಿಕಾರ ಯಾರಿಗಿದೆ? 1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ 232 ವಿಮಾನ ಹಾರುತ್ತಿದ್ದಾಗಲೇ ಹಿಂದಿನ ಎಂಜಿನ್ ಒಡೆದು, ರೆಕ್ಕೆ ಬಾಲಗಳನ್ನು ಆಡಿಸುವ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಹೋಯಿತು. ಅಂಥ ಹೊತ್ತಿಗೆ ಏನು ಮಾಡಬೇಕು ಅಂತ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಪ್ರಯಾಣಿಕನಾಗಿ ಕೂತಿದ್ದ ಇನ್ನೊಬ್ಬ ಪೈಲಟ್ ಸಹಾಯಕ್ಕೆ ಬಂದಾಗ ಕ್ಯಾಪ್ಟನ್ ಆಲ್ ಹೇನ್ಸ್ ಅವರನ್ನು ಒಳಗೆ ಕರೆದು, ಉಳಿದ ಎರಡು ಎಂಜಿನ್‌ಗಳ ಹಿಡಿಕೆಯನ್ನೇ ಅವರ ಕೈಗೆ ಕೊಟ್ಟರು. ವಿಮಾನ ನೆಲಕ್ಕೆ ಅಪ್ಪಳಿಸಿತು. ಆದರೂ 296 ಜನರಲ್ಲಿ 184 ಜನ ಬದುಕಿದರು.

‘ಒತ್ತಡ ಹಾಕಿದರೇನೇ ಕೆಲಸ ಆಗುವುದು’ ಅನ್ನೋದು ಅರ್ಧ ನಿಜ. ಆ ಅರ್ಧ ನಿಜವೇ ನಿಮ್ಮನ್ನು ದಾರಿ ತಪ್ಪಿಸುತ್ತಿದೆ. 1908ರಷ್ಟು ಹಿಂದೆಯೇ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿ ನೋಡಿದರು. ಸುಲಭದ ಕೆಲಸದಲ್ಲಿ ಶಾಕ್ ಜೋರಾದಷ್ಟೂ ಇಲಿ ಬೇಗ ಕಲಿಯಿತು. ಕಷ್ಟದ ಕೆಲಸದಲ್ಲಿ ಒಂದು ಮಟ್ಟ ದಾಟಿದ ಮೇಲೆ ಕಲಿಕೆ ಕೆಟ್ಟಿತು. ಮನುಷ್ಯರು ಇಲಿಗಳಲ್ಲ, ಆದರೆ ನಿಮ್ಮ ಫ್ಲೋರ್ ನೋಡಿ. ಒಂದೇ ಸ್ಟೈಲ್ 20 ದಿನ ಓಡುವಾಗ, ಹತ್ತನೇ ದಿನ ಸ್ವಲ್ಪ ಗದರಿದರೆ ಪೀಸ್ ಏರುತ್ತಿತ್ತು. ಕೈಗೆ ಕೆಲಸ ಕೂತಿತ್ತು. ಐದು ದಿನದ ಸ್ಟೈಲ್‌ನಲ್ಲಿ ಕೈ ಕೂರುವ ಹೊತ್ತಿಗೆ ಸ್ಟೈಲೇ ಮುಗಿದಿರುತ್ತದೆ. ಇದು ಕಲಿಯುವ ಕೆಲಸ. ಇಲ್ಲಿ ಗದರಿದರೆ ಆಲ್ಟರ್ ಏರುತ್ತದೆ. ನೀವು ಕೆಟ್ಟವರಾಗಲಿಲ್ಲ. ಹಳೇ ಕೆಲಸಕ್ಕೆ ಹೊಂದುತ್ತಿದ್ದ ಗದರಿಕೆ ಹೊಸ ಕೆಲಸಕ್ಕೆ ಹೊಂದುತ್ತಿಲ್ಲ.

ಇನ್ನು ಏನು ಮಾಡಬಹುದು. ಮೊದಲನೆಯದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಉಳಿದವನ್ನು ನಿಮ್ಮ ಜಾಗ, ಜನ ನೋಡಿಕೊಂಡು ಆರಿಸಿಕೊಳ್ಳಿ.

ಆ ಸೂಪರ್‌ವೈಸರ್ ಹತ್ತಿರ ಹೋಗಿ. ಬೈದಿದ್ದು ಲೈನಿನ ಮುಂದೆ, ಹಾಗಾಗಿ ಹೇಳುವುದೂ ಲೈನಿನ ಮುಂದೆಯೇ ಆಗಬೇಕು. ಕ್ಯಾಬಿನ್‌ಗೆ ಕರೆದು ಹೇಳಿದರೆ ಅದು ನಿಮ್ಮಿಬ್ಬರ ನಡುವೆ ಉಳಿಯುತ್ತದೆ, ಉಳಿದವರ ಬಾಯಿ ಮುಚ್ಚಿದ್ದು ಮುಚ್ಚಿಯೇ ಇರುತ್ತದೆ. ಉದ್ದ ಭಾಷಣ ಬೇಡ. ‘ಅವತ್ತು ಶೇಡ್ ವಿಷಯ ನೀವು ಸರಿಯಾಗಿ ಹೇಳಿದ್ರಿ ಅಮ್ಮ. ನಾನು ಕೇಳಲಿಲ್ಲ. ತಪ್ಪು ನಂದು.’ ಅಷ್ಟೇ ಸಾಕು. ‘ಟೆನ್ಶನ್‌ನಲ್ಲಿದ್ದೆ’ ಅಂತ ಸೇರಿಸಬೇಡಿ. ಅದು ಸೇರಿದರೆ ಕೇಳುವವರಿಗೆ ನೆಪ ಅನ್ನಿಸುತ್ತದೆ. ಕೆಲವರು ಹಿಂದೆ ಆಡಿಕೊಳ್ಳಬಹುದು. ಒಂದು ವಾರ ಇರುತ್ತದೆ, ಹೋಗುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು: ಇವತ್ತು ತಪ್ಪೊಪ್ಪಿ, ಮುಂದಿನ ವಾರ ಇನ್ನೊಬ್ಬರನ್ನು ಅದೇ ಥರ ಬೈದರೆ, ಮೊದಲಿಗಿಂತ ಜಾಸ್ತಿ ಕೆಡುತ್ತದೆ. ಹಾಗಾಗಿ ತಪ್ಪೊಪ್ಪಿಗೆಯ ಜೊತೆ ಒಂದು ಅಧಿಕಾರವನ್ನೂ ಕೊಡಿ. ಶೇಡ್, ಅಳತೆ, ಕಲೆ, ಈ ಮೂರರಲ್ಲಿ ಅನುಮಾನ ಬಂದರೆ ಯಾವ ಸೂಪರ್‌ವೈಸರ್ ಬೇಕಾದರೂ ನಿಮ್ಮನ್ನು ಕೇಳದೆ ಹತ್ತು ನಿಮಿಷ ಲೈನ್ ನಿಲ್ಲಿಸಬಹುದು ಅಂತ ಹೇಳಿ. ಸುಮ್ನೆ ನಿಲ್ಲಿಸುವುದೂ ಆಗುತ್ತದೆ, ಸ್ವಲ್ಪ ಪ್ರೊಡಕ್ಷನ್ ಹೋಗುತ್ತದೆ. ಆ ನಷ್ಟವನ್ನು 640 ಪೀಸಿನ ಪಕ್ಕದಲ್ಲಿಟ್ಟು ನೋಡಿ.

ತೀರ್ಮಾನಗಳಿಗೆ ತಾರೀಕು ಹಾಕಿ. ‘ಇನ್ಮೇಲೆ ಹೀಗೆ’ ಅನ್ನುವ ಬದಲು ‘ಶನಿವಾರದವರೆಗೆ ಹೀಗೆ, ಶನಿವಾರ ಮಧ್ಯಾಹ್ನ ಮತ್ತೆ ನೋಡ್ತೀವಿ’ ಅನ್ನಿ. ಆಗ ಶನಿವಾರ ಬದಲಿಸಿದರೆ ಮಾತು ತಪ್ಪಿದ ಹಾಗಲ್ಲ, ಹೇಳಿದ ಹಾಗೆ ನಡೆದುಕೊಂಡ ಹಾಗೆ. ಇದನ್ನು ಶುರು ಮಾಡಿದ ಮ್ಯಾನೇಜರ್‌ಗಳಿಗೆ ಒಂದೆರಡು ವಾರದಲ್ಲೇ ಉಸಿರು ಸಲೀಸಾಗಿದ್ದನ್ನು ನೋಡಿದ್ದೇನೆ. ತೊಂದರೆ ಏನೆಂದರೆ, ಬೈಯರ್ ಬುಧವಾರವೇ ಎಲ್ಲಾ ತಲೆಕೆಳಗು ಮಾಡಬಹುದು. ಆಗ ಶನಿವಾರಕ್ಕೆ ಕಾಯುತ್ತಾ ಕೂರಬೇಡಿ. ಜನರನ್ನು ನಿಲ್ಲಿಸಿಕೊಂಡು, ಏನು ಬದಲಾಯಿತು, ಯಾಕೆ ಅಂತ ಎರಡು ಮಾತು ಹೇಳಿ ಬದಲಿಸಿ. ಬೋರ್ಡನ್ನು ಮತ್ತೆ ಗಂಟೆಗೊಮ್ಮೆಗೆ ತನ್ನಿ. ಅರ್ಧ ಗಂಟೆಯ ಅಂಕಿ ನಿಮ್ಮ ಗಾಬರಿಯನ್ನು ಅಳೆಯುತ್ತದೆ, ಲೈನನ್ನು ಅಳೆಯುವುದಿಲ್ಲ.

ಜನರಿಗೆ ಎಷ್ಟು ಹೇಳಬೇಕು ಅನ್ನೋದು ಕಷ್ಟದ ಪ್ರಶ್ನೆ. ಆರ್ಡರ್ ಕಡಿಮೆಯಾಗಿದೆ ಅಂತ ಹೇಳಿದರೆ ಒಳ್ಳೆ ಆಪರೇಟರ್‌ಗಳು ಬೇರೆ ಕಡೆ ಹೋಗಬಹುದು. ಮಾಲೀಕರು ‘ಯಾಕೆ ಬಾಯಿ ಬಿಟ್ಟೆ’ ಅನ್ನಬಹುದು. ಎರಡೂ ನಿಜವಾದ ಅಪಾಯಗಳು. ಆದರೆ ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಕಟಿಂಗ್‌ನಲ್ಲಿ ಬಟ್ಟೆ ಎಷ್ಟು ಬಂದಿದೆ ಅಂತ ಅವರಿಗೆ ಕಾಣುತ್ತದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿತು ಅಂತ ಗೊತ್ತಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದರು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ತಮ್ಮ ದುಡ್ಡಿನ ವಿಷಯದಲ್ಲಿ ಅವರಷ್ಟು ಚುರುಕು ಯಾರೂ ಇಲ್ಲ. ಆದ್ದರಿಂದ ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿ, ಮುಂದಿನ ಸುದ್ದಿ ಯಾವತ್ತು ಹೇಳುತ್ತೀರಿ ಅಂತ ದಿನ ಹೇಳಿ. ಮೊದಲು ಮಾಲೀಕರ ಒಪ್ಪಿಗೆ ಪಡೆದುಕೊಳ್ಳಿ. ಒಂದನ್ನು ಮಾತ್ರ ಬೇಡಿಕೊಳ್ಳುತ್ತೇನೆ. ‘ಯಾರ ಕೆಲಸವೂ ಹೋಗಲ್ಲ, ನಾನಿದ್ದೀನಿ’ ಅಂತ ಮನಸ್ಸು ಕರಗಿ ಹೇಳಿಬಿಡಬೇಡಿ. ಅದು ಮಾತು. ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿಲ್ಲ. ಅದನ್ನು ನಂಬಿ ಮಗಳ ಕಾಲೇಜಿಗೆ ಸಾಲ ಮಾಡುವ ತಾಯಿ ಆ ಲೈನಿನಲ್ಲಿ ಇರುತ್ತಾರೆ.

ಮಾಲೀಕರ ವಿಷಯ. ಅವರು ಬೆಳಗ್ಗೆ ಒಂದು, ಸಂಜೆ ಒಂದು ಹೇಳುತ್ತಿರುವುದು ಅವರಿಗೂ ನಿಮ್ಮ ಥರವೇ ಬಿಗಿ ಹಿಡಿದಿರುವುದಕ್ಕೆ. ಎದುರು ವಾದ ಮಾಡಬೇಡಿ, ಬಂದಿದ್ದೆಲ್ಲವನ್ನೂ ಹಾಗೆಯೇ ಫ್ಲೋರಿಗೆ ಇಳಿಸಲೂ ಬೇಡಿ. ‘ಇದನ್ನ ಮಾಡ್ತೀನಿ ಸಾರ್. ಬೆಳಗ್ಗೆ ಹೇಳಿದ್ದರಲ್ಲಿ ಯಾವುದನ್ನ ಬಿಡಲಿ?’ ಅಂತ ಕೇಳಿ. ಇದೊಂದು ಪ್ರಶ್ನೆ ಅವರನ್ನು ಆರಿಸುವಂತೆ ಮಾಡುತ್ತದೆ. ಸಂಜೆ ಅದನ್ನೇ ಒಂದು ಸಾಲಿನ ವಾಟ್ಸ್‌ಆ್ಯಪ್ ಮೆಸೇಜ್ ಮಾಡಿ ಹಾಕಿ. ಕೆಲವು ಮಾಲೀಕರಿಗೆ ಇದು ಅಡ್ಡ ಮಾತು ಅನ್ನಿಸುತ್ತದೆ. ನಿಮ್ಮವರು ಎಂಥವರು ಅಂತ ನಿಮಗೆ ಗೊತ್ತು, ಹೊತ್ತು ನೋಡಿ ಕೇಳಿ.

ಆಪರೇಟರ್‌ಗಳಿಗೆ ಎರಡು ಮೂರು ಆಪರೇಷನ್ ಕಲಿಸುವುದು ಇನ್ನೊಂದು ದಾರಿ. ಕಾಲರ್ ಕೂರಿಸುವವರಿಗೆ ಕಫ್ ಕೂಡ ಬಂದರೆ ಐದು ದಿನದ ಸ್ಟೈಲ್‌ನಲ್ಲಿ ಲೈನ್ ತಿರುಗಿಸುವುದು ಸುಲಭ. ಕಲಿಯುವ ದಿನಗಳಲ್ಲಿ ಪ್ರೊಡಕ್ಷನ್ ಬೀಳುತ್ತದೆ, ಇದನ್ನು ಮಾಲೀಕರಿಗೆ ಮೊದಲೇ ಹೇಳಿ. ಹೆಚ್ಚು ಕೆಲಸ ಕಲಿತವರು ಹೆಚ್ಚು ಸಂಬಳ ಕೇಳುತ್ತಾರೆ, ಅದು ನ್ಯಾಯವೂ ಹೌದು. ಆರ್ಡರ್ ಕಡಿಮೆ ಇರುವ ವಾರಗಳೇ ಇದಕ್ಕೆ ಹೊತ್ತು. ಆರೂ ಲೈನಿನಲ್ಲಿ ಬೇಡ, ಒಂದರಲ್ಲಿ ಶುರು ಮಾಡಿ.

ಕೊನೆಯದಾಗಿ, ಕೆಲಸ ಬಿಡುವ ಪ್ರಶ್ನೆ. ಬಿಡಬಾರದು ಅಂತ ನಾನು ಹೇಳುವುದಿಲ್ಲ. ಬಿಟ್ಟು ಚೆನ್ನಾಗಿರುವವರನ್ನೂ ನೋಡಿದ್ದೇನೆ, ಬಿಟ್ಟು ಆರು ತಿಂಗಳಿಗೆ ಪರದಾಡಿದವರನ್ನೂ ನೋಡಿದ್ದೇನೆ. ಈಗ ರಫ್ತು ಗಾರ್ಮೆಂಟ್ಸ್‌ನಲ್ಲಿ ಬೇರೆ ಕಡೆಯೂ ಇದೇ ಗಾಳಿ ಇರಬಹುದು. ಆದರೆ ರಾತ್ರಿ 2 ಗಂಟೆಯ ತಲೆಯಲ್ಲಿ ಇದನ್ನು ತೀರ್ಮಾನಿಸಬೇಡಿ. ಮೊದಲು ನಿದ್ದೆ ಸರಿ ಮಾಡಿಕೊಳ್ಳಿ. ಎರಡು ವಾರದಿಂದ ದಿನಾ ಹೀಗೇ ಎಚ್ಚರವಾಗುತ್ತಿದ್ದರೆ, ಎದೆ ಬಿಗಿದಂತಾಗುತ್ತಿದ್ದರೆ, ಕುಡಿಯುವುದು ಜಾಸ್ತಿ ಆಗಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಬಿಪಿಯನ್ನೂ ನೋಡಿಸಿ. ‘ನಾನಿಲ್ಲದಿದ್ದರೇ ಚೆನ್ನ’ ಅಂತ ಒಂದೇ ಒಂದು ಸಲ ಅನ್ನಿಸಿದ್ದರೂ ಕಾಯಬೇಡಿ. 14416 ನಂಬರಿಗೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯವರಿಗೆ ಇದನ್ನೆಲ್ಲ ಹೇಳಿದ್ದೀರಾ ಅಂತ ಪತ್ರದಲ್ಲಿ ಇಲ್ಲ. ಹೇಳಿರದಿದ್ದರೆ ಈ ಭಾನುವಾರ ಹೇಳಿ. ರಾಜೀನಾಮೆ ಬರೆಯಬೇಕೋ ಬೇಡವೋ ಅನ್ನೋದನ್ನು ಆಮೇಲೆ ಇಬ್ಬರೂ ಕೂತು, ಮನೆ ಬಾಡಿಗೆ, ಮಕ್ಕಳ ಫೀಸು, ಸಾಲದ ಕಂತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ನೋಡಿ. ಅದಕ್ಕೆ ಮುಂಚೆ ಸೋಮವಾರ ಬೆಳಗ್ಗೆ, ಬೆಲ್ ಆಗಿ ಮಿಷನ್‌ಗಳು ಶುರುವಾಗುವ ಮೊದಲು, ಆ ಸೂಪರ್‌ವೈಸರ್ ಲೈನಿನ ಹತ್ತಿರ ಹೋಗಿ ನಿಂತುಕೊಳ್ಳಿ. ಅವರು ಏನಂದರು ಅಂತ ನನಗೆ ಬರೆದು ತಿಳಿಸಿ.